ಇಟಗಿಯ ಭುವನೇಶ್ವರಿ ಅಡ್ಡಬಿದ್ದದ್ದು ಹೇಗೆ: ಡಿಜಿಕ್ಯಾಮ್ ಜೊತೆ ಐದು ವರ್ಷ

ಇಟಗಿಯ ಮಹಾದೇವ ದೇವಾಲಯದಲ್ಲಿ ನೆಲಕ್ಕೆ ಬೆನ್ನು ಹಚ್ಚಿ ಮಲಗಿಕೊಂಡು, ಮೇಲಿನ ಭುವನೇಶ್ವರಿಯ, ಅಂದರೆ ಛಾವಣಿಯ ನಡುವಿನ ಫಲಕದ, ಕೆತ್ತನೆಯ ಚಿತ್ರಗಳನ್ನು ನಾನು ಐದು ವರ್ಷಗಳಲ್ಲಿ ಹನ್ನೊಂದು ಬಾರಿ ತೆಗೆದಿದ್ದೇನೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಗುಡಿ ಅದು. ಆ ಚಿತ್ರಗಳನ್ನು ಮನೆಗೆ ತಂದು, ಚಿತ್ರಗಳನ್ನು ಜೋಡಿಸಿಟ್ಟು ನೋಡುವ ತಂತ್ರಾಂಶವಾದ ಡಿಜಿಕ್ಯಾಮ್‌ನಲ್ಲಿ ತೆರೆದಾಗ ಕೆಲವು ನೆಟ್ಟಗೆ, ಕೆಲವು ಎಡಕ್ಕೆ ಅಡ್ಡಬಿದ್ದು, ಕೆಲವು ತಲೆಕೆಳಗಾಗಿ ಕಾಣುತ್ತಿದ್ದವು. ಒಂದೇ ಜಾಗದಲ್ಲಿ ಮಲಗಿ, ಕ್ಯಾಮೆರಾವನ್ನು ಒಂದೇ ರೀತಿ ಹಿಡಿದು, ಐದು ನಿಮಿಷಗಳೊಳಗೆ ತೆಗೆದ ಚಿತ್ರಗಳು ಹೀಗೆ ನಾಲ್ಕು ದಿಕ್ಕಿಗೆ ಮುಖ ಮಾಡುವುದೇಕೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಈ ವಿಮರ್ಶೆಯ ಬಹುಪಾಲು ಆ ಎರಡು ವರ್ಷಗಳ ಕಥೆಯೇ ಆಗಿದೆ.

ನಾನು ಕೊಪ್ಪಳದಲ್ಲಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ. ಸುತ್ತಲಿನ ಗುಡಿಗಳು, ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಕಿನ್ನಾಳದ ಬಣ್ಣದ ಗೊಂಬೆಗಳು ಎಲ್ಲವೂ ಸೇರಿ ನನ್ನ ಬಳಿ ಮೂವತ್ತೆಂಟು ಸಾವಿರ ಚಿತ್ರಗಳಿವೆ. ತಿಂಗಳಿಗಿಷ್ಟು ಎಂದು ಹಣ ಕಟ್ಟಬೇಕಾದ ತಂತ್ರಾಂಶ ನನ್ನ ಸಂಬಳಕ್ಕೆ ಹೊಂದುವುದಿಲ್ಲ. ಡಿಜಿಕ್ಯಾಮ್ ಕೆಡಿಇ ಸಮುದಾಯದವರು 2001ರಿಂದ ಬೆಳೆಸಿಕೊಂಡು ಬಂದಿರುವ ಮುಕ್ತ ತಂತ್ರಾಂಶ. ಅದಕ್ಕೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಅದು ಏನೇನು ಮಾಡಬಲ್ಲದು ಎಂಬ ಪಟ್ಟಿ ಎಲ್ಲೆಡೆ ಸಿಗುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ನನಗೆ ಅದರ ಮೇಲೆ ಮಮತೆ ಹುಟ್ಟಿದ್ದು ಸಂಜೆಯ ಕೆಲಸದಿಂದ. ಭಾನುವಾರ ಊರೂರು ತಿರುಗಿ ಬಂದ ಮೇಲೆ ಕಾಲು ತೊಳೆದು, ಚಹಾ ಕುಡಿದು, ಕಾರ್ಡನ್ನು ರೀಡರಿಗೆ ಹಾಕಿ, ಊರಿನ ಹೆಸರು ಮತ್ತು ದಿನಾಂಕವಿರುವ ಹೊಸ ಫೋಲ್ಡರಿಗೆ ಚಿತ್ರಗಳನ್ನು ಇಳಿಸುತ್ತೇನೆ. ಆಮೇಲೆ ಬಾಣದ ಕೀಲಿಯನ್ನು ಒತ್ತುತ್ತ ಒಂದೊಂದೇ ಚಿತ್ರವನ್ನು ದಾಟಿಸುತ್ತ, ಕಂಟ್ರೋಲ್ ಕೀಲಿಯ ಜೊತೆ ಅಂಕಿಯನ್ನು ಒತ್ತಿ ನಕ್ಷತ್ರಗಳನ್ನು ಕೊಡುತ್ತೇನೆ. ಐದು ನಕ್ಷತ್ರ ಪಡೆಯುವುದು ಇನ್ನೂರರಲ್ಲಿ ಮೂರೋ ನಾಲ್ಕೋ ಅಷ್ಟೆ. ಬಳಿಕ ‘ಕಂಬ’, ‘ಬಾಗಿಲವಾಡ’, ‘ಭುವನೇಶ್ವರಿ’, ‘ಜಾಲಂಧ್ರ’ ಎಂಬ ಟ್ಯಾಗುಗಳನ್ನು ಕನ್ನಡದಲ್ಲಿಯೇ ಹಚ್ಚುತ್ತೇನೆ. ವರ್ಷಗಳ ನಂತರ ‘ಭುವನೇಶ್ವರಿ’ ಎಂದು ಹುಡುಕಿದರೆ ಇಟಗಿ, ಕುಕನೂರು, ಆನೆಗೊಂದಿಯ ಛಾವಣಿಗಳೆಲ್ಲ ಒಂದೇ ಪರದೆಯ ಮೇಲೆ ಬಂದು ನಿಲ್ಲುವುದನ್ನು ನೋಡುವುದು ನನಗೆ ಇಂದಿಗೂ ಸಂತೋಷದ ವಿಷಯ. ಅಂಥ ಪರದೆಯಲ್ಲಿ ಅರ್ಧ ಚಿತ್ರಗಳು ಅಡ್ಡಬಿದ್ದಿದ್ದರೆ ಮನಸ್ಸಿಗೆ ಆಗುವ ಕಿರಿಕಿರಿಯೂ ಅಷ್ಟೇ ದೊಡ್ಡದು.

ಮೊದಲ ವರ್ಷ ನಾನು ಇಡೀ ತಪ್ಪನ್ನು ಡಿಜಿಕ್ಯಾಮ್ ಮೇಲೆಯೇ ಹೊರಿಸಿದ್ದೆ. ಅದಕ್ಕೆ ನನ್ನ ಬಳಿ ಸಾಕ್ಷಿಯೂ ಇತ್ತು. ಹಳೆಯ ಕಂಪ್ಯೂಟರಿನಲ್ಲಿದ್ದ ಚಿತ್ರ ನೋಡುವ ಸಣ್ಣ ತಂತ್ರಾಂಶವೊಂದರಲ್ಲಿ ನಾನು ಸರಿಪಡಿಸಿಟ್ಟಿದ್ದ ಚಿತ್ರಗಳು ಅಲ್ಲಿ ನೆಟ್ಟಗಿದ್ದು, ಇಲ್ಲಿ ಮಾತ್ರ ಅಡ್ಡವಾಗಿದ್ದವು. ಇಲ್ಲಿ ತಿರುಗಿಸಿದರೆ ಅಲ್ಲಿ ಕೆಡುತ್ತಿದ್ದವು. ಒಂದು ಭಾನುವಾರ ಸುಮಾರು ಇನ್ನೂರು ಚಿತ್ರಗಳನ್ನು ಹೀಗೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ತಿರುಗಿಸಿ, ಕೊನೆಗೆ ಯಾವುದು ಮೂಲ ಸ್ಥಿತಿ ಎಂಬುದೇ ತಿಳಿಯದಂತಾಗಿ, ಡಿಜಿಕ್ಯಾಮನ್ನೇ ತೆಗೆದುಹಾಕಿದ್ದೆ.

ಮೂರು ವಾರ ಬಿಟ್ಟು ಅದನ್ನು ಮತ್ತೆ ಹಾಕಿಕೊಂಡೆ. ಬಲಬದಿಯ ಮೆಟಾಡೇಟಾ (ಫೈಲಿನೊಳಗಿನ ವಿವರಗಳ) ಪಟ್ಟಿಯನ್ನು ಅಂದು ಮೊದಲ ಬಾರಿಗೆ ಗಮನವಿಟ್ಟು ಓದಿದಾಗ ವಿಷಯ ತಿಳಿಯಿತು. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ಚಿತ್ರ ತೆಗೆದರೂ ಬಹುತೇಕ ಕ್ಯಾಮೆರಾಗಳು ಪಿಕ್ಸೆಲ್‌ಗಳನ್ನು ಅಡ್ಡವಾಗಿಯೇ ಬರೆದು, ಪಕ್ಕದಲ್ಲಿ ‘ಇದನ್ನು ಇಷ್ಟು ತಿರುಗಿಸಿ ತೋರಿಸು’ ಎಂಬ ಒಂದು ಸೂಚನೆಯನ್ನು ಮಾತ್ರ ಇಡುತ್ತವೆ. ಈ ವಿವರಗಳನ್ನು ಕ್ಯಾಮೆರಾ ಬರೆದಿಡುವ ಎಕ್ಸಿಫ್ ಪದ್ಧತಿಯಲ್ಲಿ ಇದಕ್ಕೆ ಓರಿಯೆಂಟೇಶನ್ ಎಂದು ಹೆಸರು, 1ರಿಂದ 8ರವರೆಗೆ ಇದರ ಬೆಲೆಗಳು. 1 ಎಂದರೆ ಇದ್ದಂತೆಯೇ ತೋರಿಸು. 3 ಎಂದರೆ ತಲೆಕೆಳಗು ಮಾಡು. 6 ಎಂದರೆ ಬಲಕ್ಕೆ ಕಾಲು ಸುತ್ತು ತಿರುಗಿಸು. 8 ಎಂದರೆ ಎಡಕ್ಕೆ ಕಾಲು ಸುತ್ತು. ಉಳಿದ ನಾಲ್ಕು ಬೆಲೆಗಳು ಕನ್ನಡಿಯ ಬಿಂಬದಂತೆ ಮಗುಚಿದ ಚಿತ್ರಗಳಿಗೆ ಸೇರಿದವು, ಕ್ಯಾಮೆರಾಗಳಲ್ಲಿ ಅವು ಕಾಣುವುದು ಅಪರೂಪ. ನನ್ನ ಹಳೆಯ ತಂತ್ರಾಂಶವು ಈ ಸೂಚನೆಯನ್ನು ಓದುತ್ತಲೇ ಇರಲಿಲ್ಲ. ನಾನು ತಿರುಗಿಸು ಎಂದಾಗ ಅದು ಪಿಕ್ಸೆಲ್‌ಗಳನ್ನೇ ತಿರುಗಿಸಿ ಬರೆದು, 6 ಎಂಬ ಹಳೆಯ ಸೂಚನೆಯನ್ನು ಹಾಗೆಯೇ ಬಿಟ್ಟಿತ್ತು. ಈಗಾಗಲೇ ನೆಟ್ಟಗಾಗಿದ್ದ ಚಿತ್ರವನ್ನು ಡಿಜಿಕ್ಯಾಮ್ ಆ ಸೂಚನೆಯನ್ನು ನಂಬಿ ಮತ್ತೊಮ್ಮೆ ತಿರುಗಿಸುತ್ತಿತ್ತು. ಫೈಲಿನಲ್ಲಿ ಬರೆದದ್ದನ್ನು ಅದು ಪ್ರಾಮಾಣಿಕವಾಗಿ ಓದುತ್ತಿದ್ದುದನ್ನೇ ನಾನು ಅದರ ದೋಷವೆಂದು ತಿಳಿದಿದ್ದೆ.

ಹಾಗಾದರೆ ಬೇರೆ ಯಾವ ತಂತ್ರಾಂಶವೂ ಮುಟ್ಟದಿದ್ದ ಭುವನೇಶ್ವರಿಯ ಚಿತ್ರಗಳು ಏಕೆ ಕೆಟ್ಟಿದ್ದವು? ಕ್ಯಾಮೆರಾ ತಾನು ಹೇಗೆ ಹಿಡಿಯಲ್ಪಟ್ಟಿದೆ ಎಂಬುದನ್ನು ತಿಳಿಯುವುದು ಭೂಮಿಯ ಸೆಳೆತವನ್ನು ಅಳೆಯುವ ಒಂದು ಸಂವೇದಕದಿಂದ. ಲೆನ್ಸು ನೇರವಾಗಿ ಮೇಲಕ್ಕೋ ಕೆಳಕ್ಕೋ ಮುಖ ಮಾಡಿದಾಗ ಕ್ಯಾಮೆರಾದ ನಾಲ್ಕು ಅಂಚುಗಳೂ ನೆಲಕ್ಕೆ ಸಮಾನಾಂತರವಾಗಿರುತ್ತವೆ, ಯಾವ ಅಂಚೂ ಕೆಳಗಿರುವುದಿಲ್ಲ. ಕೈ ಕೂದಲೆಳೆಯಷ್ಟು ವಾಲಿದ ಕಡೆಗೆ ಕ್ಯಾಮೆರಾದ ತೀರ್ಮಾನವೂ ವಾಲುತ್ತದೆ. ಮೇಜಿನ ಮೇಲೆ ಹಳೆಯ ಕಾಗದಪತ್ರಗಳನ್ನು ಹರಡಿ ಮೇಲಿನಿಂದ ಚಿತ್ರ ತೆಗೆಯುವವರಿಗೂ ಇದೇ ತೊಂದರೆ ಬರುತ್ತದೆ. ಈಗ ಛಾವಣಿಯ ಚಿತ್ರ ತೆಗೆಯುವ ಮೊದಲು ಕ್ಯಾಮೆರಾದ ಮೆನುವಿನಲ್ಲಿ ಸ್ವಯಂ ತಿರುಗಿಸುವ ಆಯ್ಕೆಯನ್ನು ಆಫ್ ಮಾಡಿಡುತ್ತೇನೆ. ಆಗ ಎಲ್ಲ ಚಿತ್ರಗಳಿಗೂ 1 ಎಂದೇ ಬರೆದಿರುತ್ತದೆ, ಮನೆಯಲ್ಲಿ ಒಟ್ಟಿಗೆ ಆರಿಸಿ ಒಂದೇ ಸಲಕ್ಕೆ ತಿರುಗಿಸಬಹುದು.

ಡಿಜಿಕ್ಯಾಮ್‌ನ ಮೆಟಾಡೇಟಾ ಸೆಟ್ಟಿಂಗ್‌ನಲ್ಲಿ ತಿರುಗಿಸುವಿಕೆಗೇ ಮೀಸಲಾದ ಒಂದು ಪುಟವಿದೆ. ಸೂಚನೆಯಂತೆ ತಿರುಗಿಸಿ ತೋರಿಸಬೇಕೇ ಬೇಡವೇ, ತಿರುಗಿಸು ಎಂದಾಗ ಸೂಚನೆಯನ್ನು ಮಾತ್ರ ಬದಲಿಸಬೇಕೇ ಅಥವಾ ಪಿಕ್ಸೆಲ್‌ಗಳನ್ನೂ ತಿರುಗಿಸಬೇಕೇ ಎಂಬುದನ್ನು ಅಲ್ಲಿ ನಿರ್ಧರಿಸಬಹುದು. ನಾನು ಸೂಚನೆಯನ್ನು ಮಾತ್ರ ಬದಲಿಸುವಂತೆ ಇಟ್ಟುಕೊಂಡಿದ್ದೇನೆ. ಜೆಪೆಗ್ ಚಿತ್ರ 8 ಅಥವಾ 16 ಪಿಕ್ಸೆಲ್‌ಗಳ ಚೌಕಗಳಾಗಿ ಕೂಡಿಕೊಂಡಿರುತ್ತದೆ. ಅಳತೆ ಆ ಚೌಕಗಳಿಗೆ ಸರಿಯಾಗಿ ಭಾಗವಾಗದಿದ್ದರೆ ಪಿಕ್ಸೆಲ್‌ಗಳನ್ನು ನಷ್ಟವಿಲ್ಲದೆ ಪೂರ್ತಿ ತಿರುಗಿಸಲು ಆಗುವುದಿಲ್ಲ. ಎರಡೆರಡು ಬಾರಿ ತಿರುಗಿದ್ದ ನನ್ನ ಆ ಇನ್ನೂರು ಚಿತ್ರಗಳಿಗೆ ಮಾಡಬೇಕಾಗಿದ್ದದ್ದು ಸೂಚನೆಯನ್ನು 1ಕ್ಕೆ ಮರಳಿಸುವುದಷ್ಟೇ. ಐಟಂ ಮೆನುವಿನಿಂದ ಆ ಕೆಲಸ ಹತ್ತು ನಿಮಿಷಗಳಲ್ಲಿ ಮುಗಿಯಿತು.

ಆದರೂ ನಲವತ್ತರಷ್ಟು ಚಿತ್ರಗಳು ಪಟ್ಟಿಯಲ್ಲಿ ಅಡ್ಡವಾಗಿಯೇ ಉಳಿದು, ತೆರೆದರೆ ಮಾತ್ರ ನೆಟ್ಟಗೆ ಕಾಣುತ್ತಿದ್ದವು. ಡಿಜಿಕ್ಯಾಮ್ ಪ್ರತಿ ಚಿತ್ರದ ಪುಟ್ಟ ಪ್ರತಿಯನ್ನು, ಅಂದರೆ ಥಂಬ್‌ನೇಲನ್ನು ಮೊದಲ ಬಾರಿ ತಯಾರಿಸಿದಾಗ ತನ್ನದೇ ಆದ ಪ್ರತ್ಯೇಕ ಡೇಟಾಬೇಸಿನಲ್ಲಿ ಕೂಡಿಡುತ್ತದೆ. ಪ್ರತಿ ಸಲ ಮೂಲ ಫೈಲನ್ನು ತೆರೆಯುವುದಿಲ್ಲ. ಆ ನಲವತ್ತು ಫೈಲುಗಳನ್ನು ನಾನು ಹೊರಗಿನ ಇನ್ನೊಂದು ಸಾಧನದಿಂದ, ಫೈಲಿನ ದಿನಾಂಕ ಬದಲಾಗದಂತೆ ತಿದ್ದಿದ್ದೆ. ದಿನಾಂಕವೇ ಬದಲಾಗದಿದ್ದಾಗ ಹೊಸ ಥಂಬ್‌ನೇಲ್ ಬೇಕೆಂದು ತಂತ್ರಾಂಶಕ್ಕೆ ತಿಳಿಯುವುದಾದರೂ ಹೇಗೆ? ನಿರ್ವಹಣೆಯ ವಿಭಾಗದಲ್ಲಿ ಥಂಬ್‌ನೇಲುಗಳನ್ನು ಮತ್ತೆ ಕಟ್ಟುವಂತೆ ಹೇಳಿ ಮಲಗಿದೆ. ಎಂಟು ಜಿಬಿ ಮೆಮೊರಿಯ ನನ್ನ ಹಳೆಯ ಯಂತ್ರಕ್ಕೆ ಮೂವತ್ತೆಂಟು ಸಾವಿರ ಚಿತ್ರಗಳನ್ನು ಮುಗಿಸಲು ಬೆಳಗಿನ ತನಕ ಸಮಯ ಬೇಕಾಯಿತು. ಅಷ್ಟೆಲ್ಲ ಅಗತ್ಯವಿರಲಿಲ್ಲ, ಆ ಆಲ್ಬಮ್ ಒಂದನ್ನೇ ಆರಿಸಿಕೊಂಡಿದ್ದರೆ ಸಾಕಾಗುತ್ತಿತ್ತು.

ಬಣ್ಣದ ತೊಡಕು ಬೇರೆಯೇ ಬಗೆಯದು. ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಬಳಿಯುವ ಕೆಂಪು ಮತ್ತು ಹಳದಿ ಎಷ್ಟು ಉಜ್ವಲವಾಗಿರುತ್ತವೆ ಎಂಬುದನ್ನು ಕಣ್ಣಾರೆ ಕಂಡವರೇ ಬಲ್ಲರು. ಒಂದು ಬೇಸಿಗೆಯಲ್ಲಿ ತೆಗೆದ ಗೊಂಬೆಗಳ ಚಿತ್ರಗಳೆಲ್ಲ ಪರದೆಯ ಮೇಲೆ ಬಿಸಿಲಿಗೆ ಮಾಸಿದಂತೆ ಪೇಲವವಾಗಿ ಕಂಡವು. ಕಾರಣ ಫೈಲಿನ ಹೆಸರಿನಲ್ಲಿಯೇ ಇತ್ತು: ಹೆಸರುಗಳೆಲ್ಲ ಕೆಳಗೆರೆಯಿಂದ ಆರಂಭವಾಗುತ್ತಿದ್ದವು. ಕ್ಯಾಮೆರಾವನ್ನು ಅಡೋಬ್ ಆರ್‌ಜಿಬಿ ಬಣ್ಣವ್ಯಾಪ್ತಿಗೆ ಇಟ್ಟಾಗ ಫೈಲಿನ ಹೆಸರು ಹಾಗೆ ಆರಂಭವಾಗಬೇಕೆಂಬುದು ಕ್ಯಾಮೆರಾ ಫೈಲುಗಳ ನಿಯಮ. ಯಾವಾಗಲೋ ಮೆನುವಿನಲ್ಲಿ ಅದನ್ನು ನಾನೇ ಬದಲಿಸಿ ಮರೆತಿದ್ದೆ. ಅಡೋಬ್ ಆರ್‌ಜಿಬಿಯ ಅಂಕಿಗಳನ್ನು ಸಾಮಾನ್ಯ ಎಸ್‌ಆರ್‌ಜಿಬಿ ಎಂದು ಭಾವಿಸಿ ತೋರಿಸಿದರೆ ಬಣ್ಣ ಪೇಲವವಾಗುವುದು ಸಹಜ. ಬಣ್ಣ ನಿರ್ವಹಣೆಯನ್ನು ಆನ್ ಮಾಡಿ, ಅಂಕಿಗಳನ್ನು ಯಾವ ಬಣ್ಣವ್ಯಾಪ್ತಿಯಲ್ಲಿ ಓದಬೇಕೆಂದು ಹೇಳುವ ಪ್ರೊಫೈಲ್ ಇಲ್ಲದೆ ಬಂದ ಆ ಚಿತ್ರಗಳಿಗೆ ಅಡೋಬ್ ಆರ್‌ಜಿಬಿ ಪ್ರೊಫೈಲನ್ನು ಹಚ್ಚಿದ ಕೂಡಲೇ ಕೆಂಪು ಮರಳಿ ಬಂತು. ಬೇರೆಯವರಿಗೆ ಕಳುಹಿಸುವ ಚಿತ್ರಗಳನ್ನು ಮಾತ್ರ ಈಗ ಎಸ್‌ಆರ್‌ಜಿಬಿಗೆ ಪರಿವರ್ತಿಸಿಯೇ ಕೊಡುತ್ತೇನೆ, ಏಕೆಂದರೆ ನೋಡುವವರ ತಂತ್ರಾಂಶ ಪ್ರೊಫೈಲನ್ನು ಓದುತ್ತದೆಂಬ ಭರವಸೆ ಇಲ್ಲ.

ಸರಿಯಾಗದೆ ಉಳಿದವು ಹದಿನೇಳು ಚಿತ್ರಗಳು. ಹಿರೇಬೆಣಕಲ್ಲಿನ ಬೆಟ್ಟ ಹತ್ತಿಳಿದು ಬಂದ ಸಂಜೆ, ಕಾರ್ಡಿನಿಂದ ನಕಲು ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಬಂದ ಮೇಲೆ ಪಟ್ಟಿಯಲ್ಲಿ ಚಿಕ್ಕ ಚಿತ್ರಗಳೆಲ್ಲ ಸುಂದರವಾಗಿಯೇ ಕಂಡದ್ದರಿಂದ ಕಾರ್ಡನ್ನು ಅಳಿಸಿಬಿಟ್ಟೆ. ತಿಂಗಳ ನಂತರ ತೆರೆದು ನೋಡಿದರೆ ಮೇಲರ್ಧದಲ್ಲಿ ಆಕಾಶ ಮತ್ತು ಚಪ್ಪಡಿಗಲ್ಲು, ಕೆಳಗೆ ಬರೀ ಬೂದು ಬಣ್ಣ. ಜೆಪೆಗ್ ಫೈಲಿನ ಆರಂಭದಲ್ಲಿಯೇ ಕ್ಯಾಮೆರಾ ಒಂದು ಪುಟ್ಟ ಪ್ರತಿಯನ್ನು ಅಡಗಿಸಿಟ್ಟಿರುತ್ತದೆ. ಫೈಲು ಅರ್ಧಕ್ಕೆ ತುಂಡಾದರೂ ಆ ಪ್ರತಿ ಇಡಿಯಾಗಿ ಉಳಿಯುವುದರಿಂದ ಪಟ್ಟಿ ನೋಡಿ ನಾನು ಮೋಸಹೋದೆ. ಬರೆಯದೇ ಹೋದ ಪಿಕ್ಸೆಲ್‌ಗಳನ್ನು ಯಾವ ಸೆಟ್ಟಿಂಗೂ ತಂದುಕೊಡುವುದಿಲ್ಲ.

ಕಂಪ್ಯೂಟರಿನ ಒಳಹೊಕ್ಕು ಓದುವ ತಾಳ್ಮೆಯಿಲ್ಲದವರಿಗೆ ಡಿಜಿಕ್ಯಾಮನ್ನು ನಾನು ಸೂಚಿಸಲಾರೆ. ಅದರ ಸೆಟ್ಟಿಂಗುಗಳ ಪುಟಗಳು ಬಹಳ, ತೊಂದರೆ ಬಂದ ದಿನವೇ ಅವುಗಳ ಅರ್ಥ ಹೊಳೆಯುವುದಿಲ್ಲ. ನನ್ನಂತೆ ಕಡಿಮೆ ಖರ್ಚಿನಲ್ಲಿ ದೊಡ್ಡ ಸಂಗ್ರಹವನ್ನು ಕಾಪಾಡಿಕೊಳ್ಳಬೇಕಾದವರಿಗೆ ನಾಲ್ಕೂವರೆ ನಕ್ಷತ್ರ ಕೊಟ್ಟು ಹೇಳುತ್ತೇನೆ. ಕಾರ್ಡನ್ನು ಅಳಿಸುವ ಮೊದಲು ಎರಡೂ ಕಡೆಯ ಫೈಲುಗಳ ಗಾತ್ರವನ್ನು ಹೋಲಿಸಿ, ಪ್ರತಿ ಚಿತ್ರವನ್ನೂ ಒಮ್ಮೆ ಪೂರ್ತಿ ತೆರೆದು ಕೆಳಗಿನ ಅಂಚನ್ನು ನೋಡುವುದು ಈಗ ನನ್ನ ಭಾನುವಾರದ ಸಂಜೆಯ ಕೆಲಸಕ್ಕೆ ಸೇರಿಕೊಂಡಿದೆ. ಆ ಹದಿನೇಳು ಚಿತ್ರಗಳಿಗಾಗಿ ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಹಿರೇಬೆಣಕಲ್ಲಿನ ಬೆಟ್ಟ ಹತ್ತಬೇಕು.