ಹಿಮದಲ್ಲಿ ಜಿಂಕೆ ಹೆಜ್ಜೆ ಹಿಡಿಸ್ತೀನಿ ಅಂತ ಪೂರ್ತಿ ಮುಂಗಡ ಕೇಳಿದರೆ ಹುಷಾರು

ಬರೆಯೋದಕ್ಕೇ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಈ ಮನುಷ್ಯ ಈ ಚಳಿಗಾಲದಲ್ಲಿ ಇನ್ನೆಷ್ಟು ಜನರನ್ನು ಹೀಗೆ ಸುಮ್ನೆ ನಡೆಸುತ್ತಾನೋ.

ಹಿಮ ಬಿದ್ದ ಮೇಲೆ ಜಿಂಕೆಯ ಹೆಜ್ಜೆ ಹಿಡಿದು ಹೋಗಿ ಫೋಟೋ ತೆಗೆಯಬೇಕು ಅಂತ ಬಹಳ ದಿನದ ಆಸೆ. ಒಬ್ಬ ಗೈಡ್ ಸಿಕ್ಕಿದ. 'ಬೆಳಿಗ್ಗೆ ಹೆಜ್ಜೆ ಹಿಡಿದರೆ ಮಧ್ಯಾಹ್ನದೊಳಗೆ ಜಿಂಕೆ ಎದುರಿಗೇ' ಅಂದ. ದುಡ್ಡು ಪೂರ್ತಿ ಮುಂಗಡ. ಕೊಟ್ಟೆ. ಹೌದು, ಪೂರ್ತಿ ಕೊಟ್ಟೆ, ಬೈಯಬೇಡಿ.

ಹತ್ತೇ ನಿಮಿಷಕ್ಕೆ ಹೆಜ್ಜೆ ಸಿಕ್ಕಿತು. ಸೀಳು ಗೊರಸು, ಮುಂದೆ ಚೂಪು. ಜಿಂಕೆಯದೇ, ಅದರಲ್ಲಿ ಅನುಮಾನವಿಲ್ಲ. 'ಈಗಷ್ಟೇ ಹೋಗಿದೆ, ಮಾತಾಡಬೇಡಿ' ಅಂತ ಪಿಸುಗುಟ್ಟಿದ. ನಾನು ಬಂದ ಕೆಮ್ಮನ್ನೂ ನುಂಗಿಕೊಂಡು ನಾಲ್ಕು ಗಂಟೆ ಅವನ ಹಿಂದೆ ನಡೆದೆ. ನಾಲ್ಕು ಗಂಟೆ!

ಆಮೇಲೆ ನನ್ನ ಲೆನ್ಸ್ ಮುಚ್ಚಳ ಜಾರಿ ಸರಿಯಾಗಿ ಒಂದು ಹೆಜ್ಜೆಯೊಳಗೆ ಬಿತ್ತು. ಕೈಗವಸು ತೆಗೆದು ಬೆರಳು ಹಾಕಿದೆ. ಕಲ್ಲಿನ ಹಾಗೆ ಗಟ್ಟಿ. ಅಂಚು ಕರಗಿ ದುಂಡಗಾಗಿದೆ, ತಳದಲ್ಲಿ ಗಾಳಿಗೆ ಬಂದು ಬಿದ್ದ ಪೈನ್ ಎಲೆಗಳು, ಅವೂ ಹೆಪ್ಪುಗಟ್ಟಿ ಅಂಟಿಕೊಂಡಿವೆ. ಪಕ್ಕದಲ್ಲೇ ನನ್ನ ಬೂಟಿನ ಗುರುತು, ಒಳಗೆ ಹಿಟ್ಟಿನಂಥ ಪುಡಿ. ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಹಿಮ ಬಿದ್ದು ಮೂರು ದಿನ ಆಗಿತ್ತು, ಮಧ್ಯೆ ಬಿಸಿಲೂ ಬಂದಿತ್ತು. ಆ ಜಿಂಕೆ ಅಷ್ಟರಲ್ಲಿ ಎಲ್ಲಿತ್ತೋ!

'ಇದು ಹಳೇದಲ್ವಾ?' ಅಂದೆ. ಅವನು ಬಗ್ಗಿ ನೋಡಲೂ ಇಲ್ಲ. 'ಚಳಿ ಜಾಸ್ತಿ ಸಾರ್, ಬೇಗ ಗಟ್ಟಿಯಾಗತ್ತೆ.' ಸ್ವಲ್ಪ ಮುಂದೆ ಒಂದು ಕಡ್ಡಿ ತೋರಿಸಿ 'ನೋಡಿ, ಈಗ ತಿಂದು ಹೋಗಿದೆ' ಅಂದ. ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿತ್ತು ಅದರ ತುದಿ. ಜಿಂಕೆಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಅದು ಕಿತ್ತು ತಿನ್ನುತ್ತದೆ, ತುದಿ ನಾರುನಾರಾಗಿ ಉಳಿಯುತ್ತದೆ. ಇದು ಮೊಲದ ಕೆಲಸ! ಇಷ್ಟು ನನಗೇ ಗೊತ್ತಿತ್ತು, ಆದರೂ ನಾಲ್ಕು ಗಂಟೆ ನಡೆದೆನಲ್ಲ, ಅದೇ ಉರಿಯೋದು.

ರಾತ್ರಿ ಮೆಸೇಜ್ ಮಾಡಿ ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದೆ. 'ಹೆಜ್ಜೆ ತೋರಿಸ್ತೀನಿ ಅಂದಿದ್ದೆ, ತೋರಿಸಿದೀನಿ.' ಎದುರಿಗೇ ಅಂದಿರಲಿಲ್ವಾ ಅಂತ ಕೇಳಿದೆ. 'ಜಿಂಕೆ ಏನು ನಮ್ಮನೆ ಹಸುನಾ ಸಾರ್?' ಜೊತೆಗೆ ನಗುವ ಇಮೋಜಿ ಬೇರೆ. ಆಮೇಲೆ ಬ್ಲಾಕ್.

ಜಿಂಕೆ ಸಿಗಲಿಲ್ಲ ಅಂತ ಸಿಟ್ಟಲ್ಲ, ಕಾಡು ಅಂದಮೇಲೆ ಸಿಗದೇ ಇರಬಹುದು. ಹಳೇ ಹೆಜ್ಜೆ ಅಂತ ಗೊತ್ತಿದ್ದೂ ಬಾಯಿಗೆ ಬೆರಳಿಟ್ಟು ಶ್ ಅಂತ ನಡೆಸಿದನಲ್ಲ, ನನ್ನನ್ನೇನು ಅಂದುಕೊಂಡ?

ಹೋಗುವವರು ಮುಂಗಡ ಪೂರ್ತಿ ಕೊಡಬೇಡಿ. ಹಿಮ ಬಿದ್ದು ನಿಂತ ಮರುದಿನವೇ ಹೋಗಿ. ಮೊದಲ ಹೆಜ್ಜೆಗೇ ಬೆರಳು ಹಾಕಿ ನೋಡಿ. ಗಟ್ಟಿಯಿದ್ದು, ಗೈಡ್ 'ಚಳಿ ಜಾಸ್ತಿ ಸಾರ್' ಅಂದರೆ ಅಲ್ಲಿಂದಲೇ ವಾಪಸ್ ಹೊರಡಿ.