ಮಡಿಕೇರಿ ಮಳೆಯಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್: ಹಳೇ ಬುಲೆಟ್‌ನಲ್ಲಿ ಮೂರು ಮಳೆಗಾಲದ ಅನುಭವ

ನನ್ನದು ಕಾಸ್ಟ್ ಐರನ್ ಎಂಜಿನ್‌ನ ಹಳೇ ಬುಲೆಟ್ 350. ಮೂರು ವರ್ಷದ ಹಿಂದೆ, ಕಾಫಿ ಕೊಯ್ಲು ಮುಗಿದ ಮೇಲೆ, ಬಾಬರ್ ಥರ, ಅಂದರೆ ಮಡ್‌ಗಾರ್ಡ್ ಗಿಡ್ಡ ಮಾಡಿ ಬೇಡದ ಭಾಗ ತೆಗೆದು, ಮಾಡಿಸಿದೆ. ಆಗಲೇ ಪಾಯಿಂಟ್ಸ್ (ಪ್ಲಗ್‌ಗೆ ಕಿಡಿ ಬರಲು ಕರೆಂಟ್ ಕಡಿಯುವ ಹಳೇ ಕಾಲದ ಸ್ವಿಚ್) ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದ್ದು. ಪಾಯಿಂಟ್ಸ್ ಇದ್ದ ಜಾಗದಲ್ಲಿ ಕೂರುವ ಪಿಕಪ್ ಪ್ಲೇಟ್, ಅದರ ಮುಂದೆ ತಿರುಗುವ ಮ್ಯಾಗ್ನೆಟ್, ಕಾಯಿಲ್‌ಗೆ ಕರೆಂಟ್ ಕೊಟ್ಟು ಕಡಿಯುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಮಾಡ್ಯೂಲ್, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವ 12 ವೋಲ್ಟ್ ಕಾಯಿಲ್. ಕಿಟ್ ಅಂದರೆ ಇಷ್ಟೇ. ಅಲ್ಲಿಂದ 19,000 ಕಿಲೋಮೀಟರ್ ಓಡಿದೆ. ದಿನಾ ಮಡಿಕೇರಿಯಿಂದ ಚೇರಂಬಾಣೆ ಕಡೆ ತೋಟಕ್ಕೆ ಹೋಗಿ ಬರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯ ಮಳೆ ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ ಅಲ್ವಾ.

ಮೊದಲ ಮಳೆಗಾಲದಲ್ಲಿ ಗಾಡಿ ಕೈಕೊಟ್ಟಿತು. ಜುಲೈನಲ್ಲಿ ಸಂಪಾಜೆಯಿಂದ ಘಾಟಿ ಹತ್ತುತ್ತಿದ್ದೆ. ಜೋಡುಪಾಲ ದಾಟಿದ ಮೇಲೆ ಮಿಸ್ಸಿಂಗ್ ಶುರು, ಅಂದರೆ ಕಿಡಿ ತಪ್ಪಿ ಎಂಜಿನ್ ತಡವರಿಸುವುದು. ಸೈಲೆನ್ಸರ್‌ನಲ್ಲಿ ಎರಡು ಸಲ ಪಟ್ ಅಂತ ಹೊಡೆದು ಎಂಜಿನ್ ಆಫ್. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಇಲ್ಲ. ಒಂದು ಅಂಗಡಿ ಸೂರಿನ ಕೆಳಗೆ ಮುಕ್ಕಾಲು ಗಂಟೆ ನಿಂತು, ವೈರ್‌ಗಳನ್ನೆಲ್ಲ ಒರೆಸಿದ ಮೇಲೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಯಿತು. ಹಾಗಾಗಿ ಮಾಡ್ಯೂಲ್ ಸತ್ತಿಲ್ಲ, ನೀರಿನದೇ ಕಿತಾಪತಿ ಅಂತ ಗೊತ್ತಾಯಿತು.

ತಪ್ಪು ಇದ್ದದ್ದು ಕೂರಿಸಿದ ಜಾಗದಲ್ಲಿ. ಗಾಡಿ ಮಾಡಿಕೊಟ್ಟವರು ನೋಡಲು ಚೆಂದ ಇರಲಿ ಅಂತ ಮಾಡ್ಯೂಲ್ ಮತ್ತು ಕಾಯಿಲ್ ಎರಡನ್ನೂ ಸೀಟಿನ ಹಿಂಭಾಗದ ಕೆಳಗೆ, ಗಿಡ್ಡ ಮಡ್‌ಗಾರ್ಡ್‌ನ ತುದಿಗೆ ಕಟ್ಟಿದ್ದರು. ಹಿಂದಿನ ಚಕ್ರ ಎರಚುವ ಕೆಸರು ನೇರ ಅಲ್ಲಿಗೇ ಬೀಳುತ್ತಿತ್ತು. ಕನೆಕ್ಷನ್‌ಗಳೆಲ್ಲ ಗುಂಡಿನ ಆಕಾರದ ತುದಿಯನ್ನು ಒತ್ತಿ ಕೂರಿಸುವ ಸಾದಾ ಬುಲೆಟ್ ಟರ್ಮಿನಲ್, ಮೇಲೆ ಒಂದು ಸುತ್ತು ಇನ್ಸುಲೇಷನ್ ಟೇಪ್.

ಅವತ್ತು ಅವಸರದಲ್ಲಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಸುತ್ತ ಸಿಲಿಕೋನ್ ಹಚ್ಚಿ ಸೀಲ್ ಮಾಡಿದೆ. ಆಗಸ್ಟ್ ಪೂರ್ತಿ ಸರಿ ಇತ್ತು. ಸೆಪ್ಟೆಂಬರ್‌ನಲ್ಲಿ, ಕೊಡಗಿನ ಕೈಲ್‌ಪೊಳ್ದ್ ಹಬ್ಬ ಆದ ವಾರ, ಮತ್ತೆ ಮಿಸ್ಸಿಂಗ್. ಡಬ್ಬಿ ಕೊಯ್ದು ತೆಗೆದೆ. ಮುಚ್ಚಳದ ಒಳಮೈಯಲ್ಲಿ ಸಾಲಾಗಿ ನೀರಿನ ಹನಿ. ಕೆಳಗೆ ಒಂದು ಚಮಚದಷ್ಟು ನೀರು ನಿಂತಿದೆ. ತಾಮ್ರದ ಪಿನ್‌ಗಳ ಮೇಲೆ ಹಸಿರು ಕಿಲುಬು. ಇಷ್ಟು ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೆ ನೀರು ಎಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ.

ಆಮೇಲೆ ಅರ್ಥವಾಯಿತು. ಗಾಡಿ ಓಡುವಾಗ ಡಬ್ಬಿ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತೆ, ಸಂದಿಯಲ್ಲಿ ಹೊರಗೆ ಹೋಗುತ್ತೆ. ನಿಲ್ಲಿಸಿ ತಣ್ಣನೆ ಮಳೆ ಬಿದ್ದಾಗ ಗಾಳಿ ಕುಗ್ಗಿ, ಹೊರಗಿನ ತೇವವನ್ನು ಒಳಗೆ ಎಳೆದುಕೊಳ್ಳುತ್ತೆ. ವೈರ್ ಎಳೆಗಳ ಮಧ್ಯದಿಂದಲೂ ನೀರು ಬರುತ್ತೆ. ಬಂದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಇನ್ನೊಂದು ವಿಷಯ: ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತೆ. ತಾಮ್ರಕ್ಕೆ ಅದು ಆಗಲ್ಲ. ಬೇಕೇಬೇಕು ಅಂದರೆ ಆ ಆಸಿಡ್ ಬಿಡದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಕೇಳಿ ತನ್ನಿ.

ಮುಂದಿನ ಬೇಸಿಗೆಯಲ್ಲಿ ಎಲ್ಲ ಬಿಚ್ಚಿ ಹೊಸದಾಗಿ ಮಾಡಿದೆ. ಕಾಯಿಲ್ ಈಗ ಟ್ಯಾಂಕ್ ಕೆಳಗೆ, ಮೇಲಿನ ಫ್ರೇಮ್ ಪೈಪಿನ ಪಕ್ಕದಲ್ಲಿದೆ. ಸಿಲಿಂಡರ್ ಹೆಡ್‌ನಿಂದ ಒಂದು ಅಂಗೈ ದೂರ, ಬಿಸಿ ಜಾಸ್ತಿ ತಾಗಬಾರದು ಅಂತ. ಮಾಡ್ಯೂಲ್ ಸೀಟ್ ಕೆಳಗಿನ ಪೈಪಿಗೆ, ಮಡ್‌ಗಾರ್ಡ್‌ನ ಮುಂದೆ. ಅದನ್ನು ನೆಟ್ಟಗೆ, ವೈರ್ ಬರುವ ಬದಿ ಕೆಳಗಾಗುವಂತೆ ಕೂರಿಸಿದ್ದೇನೆ. ಹಿಂದೆ 3 ಮಿಲಿಮೀಟರ್ ರಬ್ಬರ್ ಶೀಟ್ ಕೊಟ್ಟಿದ್ದೇನೆ, ಬುಲೆಟ್‌ನ ನಡುಕಕ್ಕೆ ಅದು ಬೇಕು. ಮಾಡ್ಯೂಲ್ ಇರುವ ಹೊರ ಡಬ್ಬಿಯ ತೀರಾ ಕೆಳಗಿನ ಮೂಲೆಯಲ್ಲಿ 5 ಮಿಲಿಮೀಟರ್ ತೂತು ಬಿಟ್ಟಿದ್ದೇನೆ. ನೋಡಿದವರೆಲ್ಲ ತೂತು ಯಾಕೆ ಅಂತ ಕೇಳುತ್ತಾರೆ. ಆ ತೂತಿನಿಂದಲೇ ಡಬ್ಬಿ ಒಣಗುತ್ತಿರುವುದು. ಚಕ್ರಕ್ಕೂ ಡಬ್ಬಿಗೂ ಮಧ್ಯೆ ಹಳೇ ಟ್ಯೂಬ್ ಕತ್ತರಿಸಿ ಪರದೆ ಥರ ಕಟ್ಟಿದ್ದೇನೆ.

ವೈರ್ ಡಬ್ಬಿಯ ಒಳಗೆ ಹೋಗುವ ಮೊದಲು ಒಂದು ಸಲ ಕೆಳಗೆ ಬಾಗಿ ಮೇಲೆ ಹತ್ತಬೇಕು. ಕಂಬದಿಂದ ಮನೆಗೆ ಬರುವ ಕರೆಂಟ್ ವೈರನ್ನು ಬಾಗಿಸಿ ಬಿಟ್ಟಿರುತ್ತಾರಲ್ಲ, ಹಾಗೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಟರ್ಮಿನಲ್‌ಗಳ ಬದಲು ನೀರು ಹೋಗದ ಸೂಪರ್‌ಸೀಲ್ ಕನೆಕ್ಟರ್ ಹಾಕಿದೆ, ಅದಕ್ಕೆ ಐಪಿ67 ಮಟ್ಟದ ರಕ್ಷಣೆ. ಐಪಿ67 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಕೆಡಬಾರದು ಅನ್ನುವ ಲೆಕ್ಕ. ಆದರೆ ಪ್ರತಿ ವೈರ್‌ಗೂ ಒಂದು ಪುಟ್ಟ ರಬ್ಬರ್ ಸೀಲ್ ಇರುತ್ತೆ, ಅದು ವೈರ್ ದಪ್ಪಕ್ಕೆ ಸರಿಯಾಗಿ ಹೊಂದಬೇಕು. ಕಿಟ್‌ನ ವೈರ್ ತೀರಾ ತೆಳು. ಹಾಗಾಗಿ ಚಿಕ್ಕ ಅಳತೆಯ ಸೀಲ್ ಹುಡುಕಿ ತರಿಸಬೇಕಾಯಿತು. ಡೈಎಲೆಕ್ಟ್ರಿಕ್ ಗ್ರೀಸನ್ನು ರಬ್ಬರ್ ಮೇಲೆ ತೆಳ್ಳಗೆ ಸವರಿದರೆ ಸಾಕು. ಅದು ಕರೆಂಟ್ ಹರಿಸುವ ಗ್ರೀಸ್ ಅಲ್ಲ, ತೇವ ತಡೆಯುವ ಗ್ರೀಸ್. ಸುಮ್ನೆ ಮೆತ್ತಬೇಡಿ.

ಅರ್ತಿಂಗ್ ಬಗ್ಗೆ ಯಾರೂ ಯೋಚಿಸಲ್ಲ. ನನ್ನ ಗಾಡಿಯಲ್ಲಿ ಅರ್ತ್ ವೈರನ್ನು ಪೇಂಟ್ ಹೊಡೆದ ಫ್ರೇಮ್‌ಗೆ ಬಿಗಿದಿದ್ದರು, ಬೋಲ್ಟ್ ಕೆಳಗೆ ತುಕ್ಕು. ಈಗ ಮಾಡ್ಯೂಲ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ನೇರ ಒಂದು ವೈರ್. ಅದರಿಂದ ಐಡ್ಲಿಂಗ್ ಕೂಡ ಸುಧಾರಿಸಿತು.

ಎಲ್ಲ ಆದ ಮೇಲೆ ರಾತ್ರಿ ಶೆಡ್ಡಿನ ಲೈಟ್ ಆರಿಸಿ, ಎಂಜಿನ್ ಓಡಿಸಿಕೊಂಡು, ಗುಲಾಬಿ ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇ ಬಾಟಲಿಯಿಂದ ಕಾಯಿಲ್ ಮೇಲೆ ನೀರು ಹೊಡೆದೆ. ಪ್ಲಗ್ ವೈರಿನ ಬುಡದಿಂದ ಫ್ರೇಮ್ ಕಡೆಗೆ ತೆಳು ನೀಲಿ ಗೆರೆಗಳು ಹರಿದಾಡಿದವು, ಟಕ್ ಟಕ್ ಸದ್ದಿನ ಜೊತೆ. ಹಗಲಿನಲ್ಲಿ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೊಸ ಪ್ಲಗ್ ವೈರ್, ರಬ್ಬರ್ ಬೂಟ್, 5 ಕಿಲೋ ಓಮ್‌ನ ಪ್ಲಗ್ ಕ್ಯಾಪ್ ಹಾಕಿದ ಮೇಲೆ ಎಷ್ಟು ನೀರು ಹೊಡೆದರೂ ಕತ್ತಲೆ ಕತ್ತಲೆಯಾಗಿಯೇ ಇತ್ತು. ನೀವೂ ಮಾಡಿ ನೋಡಿ, ಕೈ ಮಾತ್ರ ದೂರ ಇರಲಿ.

ಆಮೇಲಿನ ಎರಡು ಮಳೆಗಾಲದಲ್ಲಿ ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ಬೆಳಿಗ್ಗೆ ಎರಡನೇ ಕಿಕ್‌ಗೆ ಏಳುತ್ತೆ. ಪಾಯಿಂಟ್ಸ್ ಗ್ಯಾಪ್ ಹೊಂದಿಸುವ ಕೆಲಸ ಇಲ್ಲ, ಟೈಮಿಂಗ್ ಅಲುಗಾಡಿಲ್ಲ.

ಕೊರತೆ ಇಲ್ಲ ಅಂತಲ್ಲ. ಬ್ಯಾಟರಿ ಇಳಿದರೆ ಈ ಕಿಟ್ ಕಿಡಿ ಕೊಡಲ್ಲ. ಮಾಡ್ಯೂಲ್ ಸುಟ್ಟರೆ ದಾರಿಯಲ್ಲಿ ರಿಪೇರಿ ಆಗದ ಮಾತು. ಪಾಯಿಂಟ್ಸ್ ಆಗಿದ್ದರೆ ಒಂದು ಚೂರು ಎಮರಿ ಪೇಪರ್ ಸಾಕಿತ್ತು. ಅದಕ್ಕೇ ಹಳೇ ಪಾಯಿಂಟ್ಸ್ ಪ್ಲೇಟ್ ಮತ್ತು ಕಂಡೆನ್ಸರ್ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೂಲ್ ಚೀಲದಲ್ಲಿ ಇಟ್ಟಿದ್ದೇನೆ. ಕಿಟ್ ಜೊತೆಗೆ ಬಂದ ಹಾಳೆಯಲ್ಲಿ ಎಲ್ಲಿ ಕೂರಿಸಬೇಕು ಅಂತ ಒಂದು ಸಾಲೂ ಇರಲಿಲ್ಲ, ಅದು ಬೇಸರ. ಕಿಟ್‌ಗೆ 5ಕ್ಕೆ 4 ಕೊಡುತ್ತೇನೆ. ಮೊದಲು ಕೂರಿಸಿಕೊಟ್ಟ ರೀತಿಗೆ 1.

ವಾಟರ್ ಸರ್ವಿಸ್ ಕೊಡುವಾಗ ಪ್ರೆಶರ್ ಗನ್ ಟ್ಯಾಂಕ್ ಕೆಳಗೆ ಹಿಡಿಯಬೇಡಿ ಅಂತ ಈಗಲೂ ಪಕ್ಕದಲ್ಲೇ ನಿಂತು ಹೇಳುತ್ತೇನೆ. ಪಿಕಪ್ ಮುಚ್ಚಳದ ಗ್ಯಾಸ್ಕೆಟ್ ಸ್ವಲ್ಪ ಗಟ್ಟಿಯಾಗಿದೆ. ಮೇ ತಿಂಗಳೊಳಗೆ ಅದನ್ನು ಬದಲಾಯಿಸಬೇಕು.