ಅಮ್ಮನದು ನಲವತ್ತರ ಹೃದಯ ಅಂದರು, ನಾವೂ ನಂಬಿಬಿಟ್ಟೆವು

ಬೆಳಗ್ಗೆ ಪಾರ್ಕಿಗೆ ವಾಕಿಂಗ್ ಹೋಗುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಓದಿ. ಹೋಗಿದ್ದು ಬರೀ ದುಡ್ಡಾಗಿದ್ದರೆ ನಾನು ಬರೆಯುತ್ತಿರಲಿಲ್ಲ.

ಅಮ್ಮನಿಗೆ 76. ಮೈಸೂರಿನಲ್ಲಿ ಒಬ್ಬರೇ ಇರುತ್ತಾರೆ. ಕಳೆದ ಚಳಿಗಾಲದಲ್ಲಿ ಪಾರ್ಕಿನ ಗೇಟಿನ ಹತ್ತಿರ ಯಾರೋ ಟೇಬಲ್ ಹಾಕಿಕೊಂಡು 'ಹೃದಯದ ವಯಸ್ಸು' ನೋಡುತ್ತಿದ್ದರು. ಬೆರಳಿಗೊಂದು ಕ್ಲಿಪ್, ಎರಡು ನಿಮಿಷ, ಬಣ್ಣಬಣ್ಣದ ರಿಪೋರ್ಟ್. 1,200 ರೂಪಾಯಿ. "ಎಚ್‌ಆರ್‌ವಿ ತುಂಬಾ ಜಾಸ್ತಿ ಇದೆ ಅಮ್ಮಾ, ನಿಮ್ಮದು ನಲವತ್ತರ ಹೃದಯ" ಅಂದರಂತೆ. ಎಚ್‌ಆರ್‌ವಿ ಅಂದರೆ ಹೃದಯದ ಬಡಿತಗಳ ನಡುವಿನ ಸಮಯದ ಏರಿಳಿತ. ಅಮ್ಮ ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದರು. ನಾನು ಅದರ ಫೋಟೋನ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆಮೇಲೆ ಅಮ್ಮ ಸುಸ್ತು ಅಂದಾಗಲೆಲ್ಲ "ನಲವತ್ತರ ಹೃದಯ ಇಟ್ಕೊಂಡು ಏನಮ್ಮಾ ನೀನು" ಅಂತ ಗೇಲಿ ಮಾಡುತ್ತಿದ್ದೆವು. ಸೋಪು ಹಚ್ಚಿ ಏರಿಸಬೇಕಿದ್ದ ಬಳೆಗಳು ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು. ಕುಕ್ಕರ್ ಮುಚ್ಚಳ ತೆಗೆಯಲು ಪಕ್ಕದ ಮನೆಯವರು ಬರಬೇಕಿತ್ತು. ಮೂರು ಸುತ್ತು ಹಾಕುತ್ತಿದ್ದವರು ಒಂದು ಸುತ್ತಿಗೇ ಬೆಂಚು ಹುಡುಕುತ್ತಿದ್ದರು. ವಯಸ್ಸಾಯ್ತಲ್ವಾ ಅಂದುಕೊಂಡೆವು. ಯುಗಾದಿಗೆ ಒಂದು ವಾರ ಇರುವಾಗ ಬಚ್ಚಲಲ್ಲಿ ಬಿದ್ದರು.

ಮೂಳೆ ಮುರಿದಿರಲಿಲ್ಲ, ಪುಣ್ಯ. ಆದರೆ ನಾಡಿ ಹಿಡಿದ ನರ್ಸ್ ಕೈ ಬಿಡಲೇ ಇಲ್ಲ. ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು, ಮಾತಾಡದೆ ಇಸಿಜಿ ಮಷಿನ್ ಎಳೆದುಕೊಂಡು ಬಂದರು. ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ನೆ ಅದುರುತ್ತಿರುವುದು. ಇದ್ದವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಸುಮಾರು ಐದು ಪಟ್ಟು.

ನಾನು ಆ ಲ್ಯಾಮಿನೇಟೆಡ್ ರಿಪೋರ್ಟ್ ತೋರಿಸಿದೆ. ಡಾಕ್ಟರ್ ಬಿಡಿಸಿ ಹೇಳಿದರು. ನಾಡಿ 60 ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಬಡಿತ ಅಂತಲ್ಲ. ಎರಡು ಬಡಿತಗಳ ನಡುವಿನ ಸಮಯ ಒಂಚೂರು ಆಚೀಚೆ ಆಗುತ್ತಲೇ ಇರುತ್ತದೆ. ಉಸಿರು ಎಳೆದಾಗ ಬೇಗ, ಬಿಟ್ಟಾಗ ನಿಧಾನ. ಈ ಏರಿಳಿತವನ್ನು ಮಿಲಿಸೆಕೆಂಡಿನಲ್ಲಿ ಅಳೆದರೆ ಎಚ್‌ಆರ್‌ವಿ. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಸೊರಗಿದ ಹಿರಿಯರಲ್ಲಿ ಇನ್ನೂ ಕಡಿಮೆ ಇರುವುದು ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಟೇಬಲ್‌ನವರ ಮಾತು ಪೂರ್ತಿ ಬುರುಡೆಯೂ ಅಲ್ಲ. ಆದರೆ ಲಯ ಸರಿ ಇದ್ದರೆ ಮಾತ್ರ ಈ ಲೆಕ್ಕಕ್ಕೆ ಅರ್ಥ. ಲಯವೇ ಅಡ್ಡಾದಿಡ್ಡಿಯಾದರೆ ನಂಬರ್ ತಾನಾಗಿಯೇ ಜಾಸ್ತಿಯಾಗುತ್ತದೆ. ಕಾಯಿಲೆಗೇ ಫುಲ್ ಮಾರ್ಕ್ಸ್ ಕೊಟ್ಟ ಹಾಗೆ! ಅವತ್ತೇ ಕಾಯಿಲೆ ಇತ್ತಾ ಅಂತ ಈಗ ಹೇಳಲಾಗದು, ಆದರೆ 76ರಲ್ಲಿ ಅಷ್ಟು ಬಂದರೆ ಖುಷಿಪಡುವ ಮೊದಲು ಅನುಮಾನ ಬರಬೇಕಿತ್ತು ಅಂದರು.

ಆಮೇಲೆ ಅವರು ಮಾಡಿದ ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಇರಲಿಲ್ಲ. ವಾರ್ಡಿನ ಮುಂದೆ 4 ಮೀಟರ್ ನಡೆಸಿದರು. 5 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ನಿಧಾನ ಅಂತ ಲೆಕ್ಕ, ಅಮ್ಮನಿಗೆ 7 ಹಿಡಿಯಿತು. ತಮ್ಮ ಎರಡು ಬೆರಳು ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿದರು. ತೂಕ ಒಂದು ವರ್ಷದಲ್ಲಿ 54ರಿಂದ 49ಕ್ಕೆ ಇಳಿದಿತ್ತು. ಲಿಂಡಾ ಫ್ರೀಡ್ ಅನ್ನುವ ಅಮೆರಿಕದ ವೈದ್ಯೆ ಮತ್ತು ಜೊತೆಗಾರರು 2001ರಲ್ಲೇ ಐದು ಗುರುತು ಹೇಳಿದ್ದಾರಂತೆ: ತಾನಾಗಿ ತೂಕ ಇಳಿಯುವುದು, ಸುಸ್ತು, ಕೈಹಿಡಿತ ಸಡಿಲ, ನಡಿಗೆ ನಿಧಾನ, ಓಡಾಟ ಕಡಿಮೆ. ಮೂರಿದ್ದರೆ ಫ್ರೇಲ್ಟಿ, ಅಂದರೆ ವಯಸ್ಸಿನಲ್ಲಿ ದೇಹ ಸೊರಗಿ ಬಲ ಕುಂದಿರುವ ಸ್ಥಿತಿ. ಅಮ್ಮನಿಗೆ ಐದೂ ಇತ್ತು. ಬಳೆ ಮತ್ತು ಕುಕ್ಕರ್ ಅದನ್ನೇ ತಿಂಗಳುಗಟ್ಟಲೆ ಹೇಳುತ್ತಿದ್ದವು.

ಈಗ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನಡೆಯುತ್ತಿದೆ. ದಿನಾ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಊಟಕ್ಕೆ ಬೇಳೆ ಮೊಸರು ಜಾಸ್ತಿ. ಆ ಟೇಬಲ್ ಪಕ್ಕದ ಬಡಾವಣೆಗೆ ಹೋಗಿದೆ. ಮೊನ್ನೆ ನಾನೇ ಹೋಗಿ, "ಲಯ ಸರಿ ಇದೆಯಾ ಅಂತ ಇಸಿಜಿಯಲ್ಲಿ ನೋಡ್ತೀರಾ?" ಅಂತ ಕೇಳಿದೆ. "ಅದೆಲ್ಲ ಆಸ್ಪತ್ರೆಯವರು ಮಾಡ್ತಾರೆ ಸಾರ್" ಅಂದು ಮುಂದಿನವರ ಬೆರಳಿಗೆ ಕ್ಲಿಪ್ ಹಾಕಿದರು.